ಬಸವನಹುಳು ನುಡಿದ ಸಾಕ್ಷಿ

ಇಂಗ್ಲೆಂಡಿನ ಪ್ಲಿಮತ್ ಕರಾವಳಿಯ ಬಂಡೆಗಳ ಮೇಲೆ ಡಾಗ್‌ವೆಲ್ಕ್ ಎಂಬ ಕಡಲ ಬಸವನಹುಳು ಇದೆ. ಅದರಲ್ಲಿ ಗಂಡು ಬೇರೆ, ಹೆಣ್ಣು ಬೇರೆ. 1970ರಲ್ಲಿ ವಿಜ್ಞಾನಿ ಸ್ಟೀಫನ್ ಬ್ಲೇಬರ್ ಒಂದು ವಿಚಿತ್ರವನ್ನು ದಾಖಲಿಸಿದರು. ಕೆಲವು ಹೆಣ್ಣುಗಳ ಬಲಗೋಡಿನ ಹಿಂದೆ ಗಂಡಿನ ಜನನಾಂಗದಂಥದ್ದೇ ಪುಟ್ಟ ಚಾಚು ಮೂಡಿತ್ತು. ಮರುವರ್ಷ ಅಮೆರಿಕದಲ್ಲಿ ಬ್ರಾಡ್ಲಿ ಸ್ಮಿತ್ ಬೇರೊಂದು ಜಾತಿಯ ಬಸವನಹುಳುವಿನಲ್ಲೂ ಇದನ್ನು ಕಂಡು ‘ಇಂಪೋಸೆಕ್ಸ್’ ಎಂದು ಹೆಸರಿಟ್ಟರು. ಕಾರಣ ಮಾತ್ರ ಹತ್ತು ವರ್ಷ ಬಗೆಹರಿಯಲಿಲ್ಲ. ದೋಣಿ ನಿಲ್ಲಿಸುವ ತಾಣಗಳ ಸುತ್ತ ಇದು ಹೆಚ್ಚೆಂದು ಗಮನಿಸಿದ ಸ್ಮಿತ್, 1981ರಲ್ಲಿ ದೋಣಿಗಳ ಬಣ್ಣದತ್ತ ಬೆರಳು ತೋರಿಸಿದರು.

ಹಡಗಿನ ತಳಕ್ಕೆ ಪಾಚಿ, ಬಾರ್ನಕಲ್ ಎಂಬ ಚಿಪ್ಪುಜೀವಿ ಹತ್ತಿದರೆ ವೇಗ ತಗ್ಗುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಅದನ್ನು ತಡೆಯಲು ಬಣ್ಣಕ್ಕೆ ಟ್ರೈಬ್ಯುಟೈಲ್ ಟಿನ್ ಬೆರೆಸುತ್ತಿದ್ದರು. ತವರವನ್ನು ಇಂಗಾಲದ ಸರಪಳಿಗಳಿಗೆ ಬೆಸೆದ ವಿಷವದು. ಬಣ್ಣದಿಂದ ಮೆಲ್ಲಗೆ ನೀರಿಗೆ ಜಿನುಗುತ್ತದೆ. ಫ್ರಾನ್ಸಿನ ಆರ್ಕಾಶೋನ್ ಕೊಲ್ಲಿಯಲ್ಲಿ ಆಯ್ಸ್ಟರ್ ಮರಿಗಳು ಉಳಿಯದೆ, ಬೆಳೆದವುಗಳ ಚಿಪ್ಪು ದಪ್ಪಗಾಗಿ ವಿಕಾರಗೊಂಡು ಸಾಕಣೆದಾರರು ಕಂಗೆಟ್ಟಿದ್ದರು. ಕ್ಲೋಡ್ ಅಲ್ಜಿಯೂ ಮತ್ತು ಸಂಗಡಿಗರ ಅಧ್ಯಯನ ಅಲ್ಲೂ ಈ ಬಣ್ಣವನ್ನೇ ಹಿಡಿಯಿತು. 1982ರಲ್ಲಿ ಫ್ರಾನ್ಸ್ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು.

ಶಂಕೆಯನ್ನು ಪುರಾವೆಯಾಗಿಸಿದವರು ಪ್ಲಿಮತ್‌ನ ಜೆಫ್ರಿ ಬ್ರಯಾನ್, ಪೀಟರ್ ಗಿಬ್ಸ್ ಮತ್ತು ಅವರ ತಂಡ. ನೈಋತ್ಯ ಇಂಗ್ಲೆಂಡಿನ ದಡದುದ್ದಕ್ಕೂ ಡಾಗ್‌ವೆಲ್ಕ್‌ಗಳನ್ನು ಆಯ್ದು, ಹೆಣ್ಣಿನ ಆ ಚಾಚನ್ನು ಗಂಡಿನ ಅಂಗದೊಂದಿಗೆ ಅಳೆದು ಹೋಲಿಸಿದರು. ಬಂದರು ಹತ್ತಿರವಾದಷ್ಟೂ ಚಾಚು ದೊಡ್ಡದು, ಮೈಯಲ್ಲಿ ತವರವೂ ಹೆಚ್ಚು. ಹೆಚ್ಚು ಕಲುಷಿತವಲ್ಲದ ದಡದ ಹುಳುಗಳನ್ನು ತಂದು ಕೊಳಕು ನೀರಿನ ಜಾಗದಲ್ಲಿ ಬಿಟ್ಟರೆ ಅವುಗಳಲ್ಲೂ ಇವೆರಡೂ ಏರಿದವು. ಪ್ರಯೋಗಾಲಯದಲ್ಲಿ ಬಣ್ಣದಿಂದ ಜಿನುಗಿದ ತವರವೇ ಈ ಬದಲಾವಣೆ ತಂದಿತು. 1986ರಲ್ಲಿ ಫಲಿತಾಂಶ ಪ್ರಕಟವಾಯಿತು.

ಚಾಚು ಬರೀ ಗುರುತಾಗಿದ್ದರೆ ಚಿಂತೆಯಿರಲಿಲ್ಲ. ಜೊತೆಯಲ್ಲೇ ಬೆಳೆಯುವ ವೀರ್ಯನಾಳ ಮೊಟ್ಟೆ ಹೊರಬರುವ ದಾರಿಯನ್ನು ಮುಚ್ಚಿಬಿಡುತ್ತದೆ. ಬಂಡೆಯ ಬಿರುಕಿನಲ್ಲಿ ಭತ್ತದ ಕಾಳು ನೆಟ್ಟಂತೆ ಸಾಲಾಗಿ ಇಡಬೇಕಾದ ಮೊಟ್ಟೆಚೀಲಗಳು ಒಡಲೊಳಗೇ ಸಿಕ್ಕಿಕೊಂಡು ತಾಯಿ ಸಾಯುತ್ತಾಳೆ. ಈ ಹುಳುವಿಗೆ ನೀರಿನಲ್ಲಿ ತೇಲಿ ಬರುವ ಮರಿಗಳಿಲ್ಲ. ಹಾಗಾಗಿ ಒಂದು ದಡದಲ್ಲಿ ಸಂತತಿ ನಿಂತರೆ ದೂರದಿಂದ ಬಂದು ತುಂಬುವವರೇ ಇಲ್ಲ.

ನನ್ನನ್ನು ತಡೆದು ನಿಲ್ಲಿಸುವುದು ವಿಷದ ಅಳತೆ. ಲೀಟರ್ ನೀರಿನಲ್ಲಿ ಒಂದು ಗ್ರಾಮಿನ ಶತಕೋಟಿ ಪಾಲಿನಲ್ಲಿ ಒಂದೆರಡು ಪಾಲು ಸಾಕು, ಬದಲಾವಣೆ ಶುರು. ಅಷ್ಟು ಸೂಕ್ಷ್ಮ ಪ್ರಮಾಣವನ್ನು ನೀರಿನಲ್ಲಿ ನೇರವಾಗಿ ಅಳೆಯುವುದು ಆಗ ಬಹಳ ಕಷ್ಟವಾಗಿತ್ತು. ಹುಳುವಿನ ಮೈ ಮಾತ್ರ ಅದನ್ನು ಬರೆದಿಟ್ಟುಕೊಂಡಿತ್ತು. ಒಮ್ಮೆ ಮೂಡಿದ ಗುರುತು ಸಾಮಾನ್ಯವಾಗಿ ಅಳಿಯುವುದೂ ಇಲ್ಲ.

1987ರಲ್ಲಿ ಬ್ರಿಟನ್ ಸಹ ಸಣ್ಣ ದೋಣಿಗಳಿಗೆ ಈ ಬಣ್ಣ ಬಳಿಯುವುದನ್ನು ನಿಲ್ಲಿಸಿತು. ದೊಡ್ಡ ಹಡಗುಗಳು ಬಳಿದುಕೊಂಡೇ ಓಡಾಡಿದವು. ನಮ್ಮ ಕಾರವಾರದಿಂದ ದೂರವಲ್ಲದ ಗೋವಾದ ಮರ್ಮಗೋವಾ ಬಂದರಿನಲ್ಲಿ, ಕೊಂಕಣದ ಹೆಸರನ್ನೇ ಹೊತ್ತ ಕ್ರೋನಿಯಾ ಕೊಂಕಣೆನ್ಸಿಸ್ ಎಂಬ ಬಸವನಹುಳುವಿನಲ್ಲೂ ಇದೇ ವಿಕಾರ ಕಂಡದ್ದು 1999ರಲ್ಲಿ ವರದಿಯಾಯಿತು. 2001ರಲ್ಲಿ ದೊಡ್ಡ ಹಡಗುಗಳಿಗೂ ಈ ಬಣ್ಣವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದು ಜಾರಿಗೆ ಬರಲು 2008ರ ಸೆಪ್ಟೆಂಬರ್ ಆಯಿತು. ಬ್ರಿಟನ್ನಿನ ಹಲವು ದಡಗಳಲ್ಲಿ ಡಾಗ್‌ವೆಲ್ಕ್‌ಗಳು ಮತ್ತೆ ಮೊಟ್ಟೆ ಇಡುತ್ತಿವೆ.