ಒಂದೇ ಹಿಮ್ಮೇಳ, ಇಪ್ಪತ್ತು ಕಂಠ

ಸಿ.ಡಿ. ಹಾಕುತ್ತೀರಿ. ಮೊದಲ ಹಾಡು ಮುಗಿಯುತ್ತದೆ, ಎರಡನೆಯದಕ್ಕೂ ಅದೇ ಹಿಮ್ಮೇಳ, ಮೂರನೆಯದಕ್ಕೂ ಅದೇ. ಪ್ಲೇಯರ್ ಕೆಟ್ಟಿಲ್ಲ. ಅದು ಜಮೈಕಾದ ರೆಗೇ ಲೋಕದ ‘ರಿಡಿಮ್ ಆಲ್ಬಮ್’. ಹಿಮ್ಮೇಳವೊಂದೇ, ಗಾಯಕರು, ಸಾಹಿತ್ಯ, ಹಾಡುವ ಧಾಟಿ ಎಲ್ಲ ಬೇರೆ ಬೇರೆ.

‘ರಿದಂ’ ಜಮೈಕಾದವರ ಬಾಯಲ್ಲಿ ‘ರಿಡಿಮ್’ ಆಯಿತು. ಆದರೆ ಅದು ಬರೀ ತಾಳವಲ್ಲ, ಡ್ರಮ್ಮು–ಬೇಸು ಸೇರಿ ಕಟ್ಟಿದ ಇಡೀ ಹಿಮ್ಮೇಳ. ಒಂದೊಂದಕ್ಕೂ ನಾಮಕರಣ ಬೇರೆ! ‘ಸ್ಟಾಲಗ್ 17’ ಎಂಬುದು ಯುದ್ಧಕೈದಿಗಳ ಕುರಿತ ಹಾಲಿವುಡ್ ಸಿನಿಮಾದಿಂದ ಬಂದ ಹೆಸರು.

ಇಡೀ ಆಲ್ಬಮ್ಮನ್ನು ಒಂದೇ ರಿಡಿಮ್ ಮೇಲೆ ನಿಲ್ಲಿಸಿದ ಮೊದಲಿಗರೆಂದು ಎಣಿಸುವುದು ನಿರ್ಮಾಪಕ ರೂಪಿ ಎಡ್ವರ್ಡ್ಸ್ ಅವರನ್ನು. ಆಲ್ಬಮ್: ‘ಯಮಾಹಾ ಸ್ಕ್ಯಾಂಕ್’, 1974. ವಾದ್ಯದವರಿಗೆ ಒಮ್ಮೆ ಸಂಭಾವನೆ ಕೊಟ್ಟರೆ ಆಲ್ಬಮ್ ತುಂಬ ಹಾಡು! ಜುಗ್ಗತನ ಅನ್ನಿ, ಜಾಣತನ ಅನ್ನಿ.

ರೆಗೇಯ ದಿಕ್ಕು ಬದಲಿಸಿದ ರಿಡಿಮ್ ಹುಟ್ಟಿದ್ದು ಜಪಾನಿನ ಪುಟ್ಟ ಕೀಬೋರ್ಡಿನಲ್ಲಿ. ಕ್ಯಾಸಿಯೊ ಎಂಟಿ-40ರಲ್ಲಿ ‘ರಾಕ್’ ಎಂಬ ಸಿದ್ಧ ತಾಳವಿತ್ತು. ಸಂಗೀತಗಾರ ನೋಯೆಲ್ ಡೇವಿಯ ಆ ಕೀಬೋರ್ಡಿನಲ್ಲಿ ಅದು ಗಾಯಕ ವೇನ್ ಸ್ಮಿತ್‌ನ ಕಿವಿಗೆ ಬಿತ್ತು. ನಿರ್ಮಾಪಕ ಜಾಮಿ ಅದರ ವೇಗ ತಗ್ಗಿಸಿದರು. 1985ರಲ್ಲಿ ಕಿಂಗ್‌ಸ್ಟನ್ನಿನ ಒಂದು ಸೌಂಡ್ ಸಿಸ್ಟಮ್ ತಂಡಗಳ ಜಿದ್ದಾಜಿದ್ದಿಯಲ್ಲಿ ಆ ರಿಡಿಮ್, ‘ಸ್ಲೆಂಗ್ ಟೆಂಗ್’, ಮೊಳಗಿತು. ಅದರ ಮೇಲೆ ಹಾಡಿದವರ ಲೆಕ್ಕ ನೂರಾರು. ಸ್ಟುಡಿಯೊಗಳಿಗೆ ಡ್ರಮ್ಮು, ಬೇಸು ನುಡಿಸುವವರ ಅಗತ್ಯ ಕಡಿಮೆಯಾಯಿತು. ಆ ‘ರಾಕ್’ ತಾಳ ಹೊಂದಿಸಿದ್ದು ಯಾರು? ಆಗಷ್ಟೇ ಕ್ಯಾಸಿಯೊದಲ್ಲಿ ಕೆಲಸಕ್ಕೆ ಸೇರಿದ್ದ ಒಕುಡಾ ಹಿರೊಕೊ ಎಂಬ ಯುವತಿ. ಕಾಲೇಜಿನಲ್ಲಿ ಆಕೆ ಪ್ರಬಂಧ ಬರೆದಿದ್ದ ವಿಷಯ ರೆಗೇ! ನನಗಂತೂ ಇದು ಕಟ್ಟುಕಥೆಗಿಂತ ಸೊಗಸು.

2000ದ ದಶಕದಲ್ಲಿ ಇಂಥ ಆಲ್ಬಮ್‌ಗಳ ಸುಗ್ಗಿ. ಲಂಡನ್ನಿನ ರೆಕಾರ್ಡ್ ಕಂಪನಿ ಗ್ರೀನ್‌ಸ್ಲೀವ್ಸ್ ‘ರಿದಂ ಆಲ್ಬಮ್’ಗಳ ಸಾಲನ್ನೇ ಹೊರತಂದರೆ, ನ್ಯೂಯಾರ್ಕಿನ ವಿ.ಪಿ. ರೆಕಾರ್ಡ್ಸ್ ‘ರಿಡಿಮ್ ಡ್ರಿವನ್’ ಎಂದು ಪೈಪೋಟಿಗಿಳಿಯಿತು. (ವಿ ಎಂದರೆ ವಿನ್ಸೆಂಟ್, ಪಿ ಎಂದರೆ ಪೆಟ್ರಿಷಿಯಾ: ಚಿನ್ ದಂಪತಿ.) ಪೈಪೋಟಿ ಮುಗಿದದ್ದು 2008ರಲ್ಲಿ, ವಿ.ಪಿ.ಯವರು ಗ್ರೀನ್‌ಸ್ಲೀವ್ಸನ್ನೇ ಕೊಂಡುಬಿಟ್ಟರು.

ಗ್ರೀನ್‌ಸ್ಲೀವ್ಸ್ ಸಾಲಿನ 27ನೆಯ ಆಲ್ಬಮ್ಮಿನ ಹೆಸರು ಕೇಳಿ: ‘ದಿವಾಲಿ’! ನಮ್ಮ ದೀಪಾವಳಿಯೇ. ಭಾರತದ ಕೂಲಿಕಾರರು ಹಡಗಿನಲ್ಲಿ ಜಮೈಕಾಕ್ಕೆ ಬಂದಿಳಿಯತೊಡಗಿದ್ದು 1845ರಲ್ಲಿ. ಅಲ್ಲಿಗೆ ಆ ಹೆಸರು ಅಪರಿಚಿತವೇನಲ್ಲ. ಸ್ಟೀವನ್ ‘ಲೆಂಕಿ’ ಮಾರ್ಸ್‌ಡೆನ್ ಕಟ್ಟಿದ ಈ ರಿಡಿಮ್ಮಿನ ಮೇಲೆ ಷಾನ್ ಪಾಲ್ ಹಾಡಿದ ‘ಗೆಟ್ ಬ್ಯುಸಿ’ 2003ರ ಮೇ ತಿಂಗಳಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು. ಅದೇ ವರ್ಷ ವೇನ್ ವಂಡರ್ ಮತ್ತು ಲುಮಿಡಿ ಅದೇ ರಿಡಿಮ್ ಹಿಡಿದು ಮೊದಲ ಇಪ್ಪತ್ತರೊಳಗೆ ನುಗ್ಗಿದರು. ಹಬ್ಬದ ಹೆಸರಿದ್ದರೂ ಅದರಲ್ಲಿ ಪಟಾಕಿ ಸದ್ದಿಲ್ಲ. ಕೇಳುವುದು ಚಟಪಟ ಚಪ್ಪಾಳೆ.