ಬೇಟೆಯ ಗುಂಡಿನ ಗುಣನಿರ್ಣಯ: ಒಂದು ವಿವೇಚನೆ

1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಪೋರ್ಚುಗೀಸ್ ಕೋವಿಕಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವಾಗಿದೆ. ಯುದ್ಧದಲ್ಲಿ ಶತ್ರುವು ಗಾಯಗೊಂಡರೂ ಗುಂಡಿನ ಕಾರ್ಯವು ನೆರವೇರಿದಂತೆಯೇ. ಬೇಟೆಯಲ್ಲಿ ಹಾಗಲ್ಲ. ದೇವದುರ್ಗ, ಮಾನವಿಗಳ ಕಲ್ಲುಗುಡ್ಡಗಳಲ್ಲಿ ಗಾಯಗೊಂಡ ಚಿರತೆಯೊಂದು ಬಂಡೆಗಳ ಮರೆ ಸೇರಿತೆಂದರೆ, ಅದು ದಿನಗಟ್ಟಲೆ ನರಳಬಹುದು. ಊರಿಗೆ ಅಪಾಯವೂ ಆಗಬಹುದು. 1907ರಲ್ಲಿ ಜಿಮ್ ಕಾರ್ಬೆಟ್ಟನು ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಿಂದಿನ ಗುಂಡೇಟಿನಿಂದ ಮುರಿದಿದ್ದವು. ಅದು ನರಭಕ್ಷಕವಾದುದಕ್ಕೆ ಆತನು ಇದನ್ನೇ ಕಾರಣವೆಂದು ಬಗೆದನು.

ಹಾಗಾದರೆ ಗುಂಡಿನ ಯೋಗ್ಯತೆಯನ್ನು ಯಾವುದರಿಂದ ಅಳೆಯಬೇಕು? ಸಾಮಾನ್ಯವಾಗಿ ಚಲನಶಕ್ತಿಯನ್ನು ಮುಂದಿಡುವುದುಂಟು. ಒಂದು ಉದಾಹರಣೆಯನ್ನು ಪರಿಶೀಲಿಸೋಣ. 12 ಬೋರಿನ ಸೀಸದ ಉಂಡೆಯು ಒಂದು ಪೌಂಡಿನ 12ನೆಯ ಒಂದಂಶ, ಎಂದರೆ ಸುಮಾರು 37.8 ಗ್ರಾಂ ತೂಗುತ್ತದೆ. ಅದರ ವೇಗವು ಸೆಕೆಂಡಿಗೆ 400 ಮೀಟರ್ ಎಂದಿಟ್ಟುಕೊಂಡರೆ ಚಲನಶಕ್ತಿಯು ಸುಮಾರು 3,020 ಜೌಲ್. 1912ರಲ್ಲಿ ಬಳಕೆಗೆ ಬಂದ .375 ರೈಫಲಿನ 19.4 ಗ್ರಾಂ ಗುಂಡು 770 ಮೀಟರ್ ವೇಗದಲ್ಲಿ ಹೋದರೆ ಸುಮಾರು 5,750 ಜೌಲ್. ಶಕ್ತಿಯಲ್ಲಿ ಹೆಚ್ಚುಕಡಿಮೆ ಇಮ್ಮಡಿಯ ಅಂತರವಿದ್ದರೂ ಸಂವೇಗವು ಎರಡರಲ್ಲಿಯೂ ಬಹುಮಟ್ಟಿಗೆ ಸಮವೇ. ಆದುದರಿಂದ ಒಂದೇ ಅಂಕಿಯಿಂದ ತೀರ್ಪು ಕೊಡಲಾಗದು. ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಉಂಡೆಯಲ್ಲಿ 0.14 ಗ್ರಾಂ, ರೈಫಲಿನ ಗುಂಡಿನಲ್ಲಿ 0.27 ಗ್ರಾಂ ಭಾರವಿದೆ. ಆಳಕ್ಕೆ ಇಳಿಯುವ ಸಾಮರ್ಥ್ಯಕ್ಕೆ ಇದು ಮುಖ್ಯ.

ಪ್ರಾಣಿಯು ಬೇಗನೆ ಸಾಯುವುದು ಹೃದಯ, ಶ್ವಾಸಕೋಶ, ಮಿದುಳು ಮುಂತಾದ ಮರ್ಮಾಂಗಗಳ ನಾಶದಿಂದ. ಗುಂಡು ಅಲ್ಲಿಯವರೆಗೆ ತಲುಪಬೇಕು, ಅಲ್ಲಿ ಅರಳಬೇಕು, ಆದರೆ ಚೂರಾಗಬಾರದು. ಭುಜದ ಮೂಳೆಗೆ ತಾಗಿ ಒಡೆದುಹೋಗುವುದೂ, ಅರಳದೆ ಸಣ್ಣ ರಂಧ್ರವನ್ನು ಮಾತ್ರ ಕೊರೆದು ಹೊರಬೀಳುವುದೂ ದೋಷಗಳೇ. ಅರಳುವ ಗುಂಡನ್ನು 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ನಿಷೇಧಿಸಿದರೆ, ಬೇಟೆಯಲ್ಲಿ ಅದೇ ಗುಣವನ್ನು ದಯೆಯ ಸಾಧನವೆಂದು ಎಣಿಸುವುದು ಗಮನಾರ್ಹ.

ಪರೀಕ್ಷೆಗೆ ಜೆಲಟಿನ್ ಗಡ್ಡೆಯನ್ನು ಬಳಸುವುದುಂಟು. ಆದರೆ ಅದರಲ್ಲಿ ಮೂಳೆಯಿಲ್ಲ, ಚರ್ಮವಿಲ್ಲ. ಸತ್ತ ಪ್ರಾಣಿಯ ಶವಪರೀಕ್ಷೆಯು ಹೆಚ್ಚು ತಿಳಿಸುತ್ತದೆ. ಅಲ್ಲಿಯೂ ಒಂದು ಮೋಸವಿದೆ: ನಮ್ಮ ಕೈಗೆ ಸಿಗುವುದು ಬಿದ್ದ ಪ್ರಾಣಿ ಮಾತ್ರ. ಗುಂಡು ಸೋತೆಡೆಯಲ್ಲಿ ಪ್ರಾಣಿಯು ತಪ್ಪಿಸಿಕೊಂಡು ಲೆಕ್ಕದಿಂದಲೇ ಹೊರಗುಳಿಯುತ್ತದೆ. ಬಿದ್ದವುಗಳನ್ನಷ್ಟೇ ಎಣಿಸಿದರೆ ಎಂತಹ ಗುಂಡೂ ಉತ್ತಮವೆಂದೇ ತೋರೀತು. ಆದಕಾರಣ ಹಾರಿಸಿದ ಪ್ರತಿಯೊಂದು ಗುಂಡಿಗೂ ದೂರ, ತಾಗಿದ ಸ್ಥಳ, ಪ್ರಾಣಿಯು ಓಡಿದ ಅಂತರ, ಸಿಗದೆ ಹೋದ ಸಂಗತಿ ಇವೆಲ್ಲವೂ ದಾಖಲಾಗಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ತಿದ್ದುಪಡಿಯೂ ವಿನೋದದ ಬೇಟೆಗೆ ಎಡೆಯನ್ನು ಉಳಿಸಿಲ್ಲ. ಚಿರತೆ, ಕರಡಿಗಳು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದಾಗಲೂ, ಹಿಡಿಯಲು, ಮತ್ತು ಬರಿಸಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಮನವರಿಕೆಯಾದ ಮೇಲೆಯೇ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣಸಹಿತವಾದ ಲಿಖಿತ ಆದೇಶದಿಂದ ಕೊಲ್ಲಲು ಅನುಮತಿಸಬಹುದು. ಹೀಗೆ ಅಪರೂಪವಾಗಿ ಹಾರುವ ಆ ಒಂದು ಗುಂಡು ವ್ಯರ್ಥವಾಗಬಾರದೆಂಬುದೇ ಈ ವಿವೇಚನೆಯ ಪ್ರಯೋಜನ. ಗುಂಡು ಎಷ್ಟೇ ಉತ್ತಮವಾಗಿರಲಿ, ಮರ್ಮವು ಸ್ಪಷ್ಟವಾಗಿ ಕಾಣದಾಗ ಕುದುರೆಯನ್ನು ಎಳೆಯದಿರುವ ಸಂಯಮಕ್ಕೆ ಅದು ಬದಲಿಯಾಗಲಾರದೆಂದು ನಾವು ಭಾವಿಸುತ್ತೇವೆ.