ಯುದ್ಧಕಾಲದ ಗೌರವ ಪಟ್ಟಿಗಳು: ಸೇನೆಯಲ್ಲಿ ಸೇವೆ ಸಲ್ಲಿಸಿದ ಅಗ್ನಿಶಾಮಕರ ಕುಟುಂಬಗಳಿಗೆ ಮಾಹಿತಿ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ನಾಗರಿಕರ ಗಮನಕ್ಕೆ)

ಗೌರವ ಪಟ್ಟಿ ಎಂದರೇನು?

ಯುದ್ಧಕಾಲದಲ್ಲಿ ಕರ್ತವ್ಯ ನಿರ್ವಹಿಸಿದವರ ಹೆಸರು, ಹುದ್ದೆ ಹಾಗೂ ಘಟಕವನ್ನು ನಮೂದಿಸಿ ಗೌರವಾರ್ಥವಾಗಿ ಕಾಪಾಡುವ ದಾಖಲೆಯೇ ಗೌರವ ಪಟ್ಟಿ. ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಹಲವು ಅಗ್ನಿಶಾಮಕ ದಳಗಳು ಸೇನೆಗೆ ಸೇರಿದ ತಮ್ಮ ಸಿಬ್ಬಂದಿಗಾಗಿ ಇಂತಹ ಪಟ್ಟಿಗಳನ್ನು ರಚಿಸಿದವು. ಭಾರತದಲ್ಲಿ ಸೈನಿಕರ ಸ್ಮರಣೆ ಹಾಗೂ ಅಗ್ನಿಶಾಮಕರ ಸ್ಮರಣೆ ಪ್ರತ್ಯೇಕವಾಗಿ ನಡೆದುಬಂದಿವೆ. ಆದುದರಿಂದ ಎರಡೂ ಸೇವೆಗಳಲ್ಲಿದ್ದ ವ್ಯಕ್ತಿಯ ವಿವರಗಳನ್ನು ಎರಡೂ ಕಡೆ ಹುಡುಕುವುದು ಅಗತ್ಯ.

ಅಗ್ನಿಶಾಮಕರ ಸ್ಮರಣೆ

ಎರಡನೇ ಮಹಾಯುದ್ಧದ ಅವಧಿಯಲ್ಲಿ, ದಿನಾಂಕ 14-4-1944ರಂದು, ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ತಂಗಿದ್ದ ಫೋರ್ಟ್ ಸ್ಟಿಕೈನ್ ಹಡಗಿಗೆ ಬೆಂಕಿ ತಗುಲಿತು. ಸುಮಾರು 1,400 ಟನ್ ಸ್ಫೋಟಕಗಳೂ ಹತ್ತಿಯ ಅಂಡಿಗೆಗಳೂ ಅದೇ ಹಡಗಿನಲ್ಲಿದ್ದವು. ಸಂಜೆ 4 ಗಂಟೆಯ ನಂತರ ಸಂಭವಿಸಿದ ಎರಡು ಸ್ಫೋಟಗಳಲ್ಲಿ ನೂರಾರು ಜನರು ಮೃತಪಟ್ಟರು. ಬೆಂಕಿ ನಂದಿಸುತ್ತಿದ್ದ 66 ಅಗ್ನಿಶಾಮಕ ಸಿಬ್ಬಂದಿ ಹುತಾತ್ಮರಾದರು. ಇವರ ಸ್ಮರಣಾರ್ಥ ದೇಶದಾದ್ಯಂತ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನವನ್ನಾಗಿಯೂ, ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹವನ್ನಾಗಿಯೂ ಆಚರಿಸಲಾಗುತ್ತದೆ.

ಸೈನಿಕರ ಸ್ಮರಣೆ

ಎರಡು ಮಹಾಯುದ್ಧಗಳಲ್ಲಿ ಮಡಿದ ಭಾರತೀಯ ಸೈನಿಕರ ಹೆಸರುಗಳು 1917ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗದ ದಾಖಲೆಗಳಲ್ಲಿವೆ. ಬರ್ಮಾ ರಣರಂಗದಲ್ಲಿ ಮಡಿದು ಸಮಾಧಿ ಗುರುತಿಸಲಾಗದ ಸುಮಾರು 27,000 ಯೋಧರ ಹೆಸರುಗಳನ್ನು ರಂಗೂನ್ ಸ್ಮಾರಕದಲ್ಲಿ ಕೆತ್ತಲಾಗಿದೆ. ಸ್ವಾತಂತ್ರ್ಯಾನಂತರ ಹುತಾತ್ಮರಾದ ಸೈನಿಕರ ಹೆಸರುಗಳು ನವದೆಹಲಿಯಲ್ಲಿ 2019ರಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿವೆ.

ಸದರಿ ದಾಖಲೆಗಳು ಮಡಿದವರಿಗೆ ಸಂಬಂಧಿಸಿದವು. ಯುದ್ಧ ಮುಗಿಸಿ ಊರಿಗೆ ಮರಳಿದವರ ಹೆಸರು ಇವುಗಳಲ್ಲಿ ಇರುವುದಿಲ್ಲ. ಹೆಸರು ಕಾಣದ ಮಾತ್ರಕ್ಕೆ ಆ ವ್ಯಕ್ತಿ ಸೇವೆಯನ್ನೇ ಸಲ್ಲಿಸಿಲ್ಲವೆಂದು ಕುಟುಂಬದವರು ಭಾವಿಸಬಾರದು.

ಜಿಲ್ಲೆಯ ಹೆಸರಿನ ಬಗ್ಗೆ ವಿಶೇಷ ಸೂಚನೆ

ಇಂದಿನ ಹನೂರು ತಾಲ್ಲೂಕನ್ನು ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಚಾಮರಾಜನಗರ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಆದುದರಿಂದ ಯುದ್ಧಕಾಲದ ದಾಖಲೆಗಳನ್ನು ಹುಡುಕುವವರು ಕೊಳ್ಳೇಗಾಲ ಮತ್ತು ಹನೂರು ಭಾಗದವರಿಗೆ ‘ಕೊಯಮತ್ತೂರು, ಮದ್ರಾಸ್’ ಎಂದೂ, ಯಳಂದೂರಿನವರಿಗೆ ‘ಮೈಸೂರು’ ಎಂದೂ ಹುಡುಕತಕ್ಕದ್ದು. ಹಳೆಯ ಆಂಗ್ಲ ಬರಹಗಳಲ್ಲಿ ಕೊಳ್ಳೇಗಾಲದ ಹೆಸರು ‘ಕೆ’ ಬದಲಿಗೆ ‘ಸಿ’ ಅಕ್ಷರದಿಂದ ಆರಂಭವಾಗುವುದೂ ಉಂಟು.

ಮೂಲ ದಾಖಲೆಯಲ್ಲಿರುವ ‘ಕೊಯಮತ್ತೂರು’ ಎಂಬ ನಮೂದು ಆ ಕಾಲಕ್ಕೆ ಸರಿಯಾದದ್ದೇ ಆಗಿದೆ. ಅದನ್ನು ತಪ್ಪೆಂದು ಭಾವಿಸಿ ಯಾವುದೇ ಕಾರಣಕ್ಕೂ ತಿದ್ದಬಾರದು. ತಿದ್ದಿದ ದಾಖಲೆಯು ಸಂಶಯಕ್ಕೆ ಎಡೆಮಾಡಿ, ನ್ಯಾಯಯುತವಾದ ಕೋರಿಕೆಗೂ ಅಡ್ಡಿಯಾಗಬಹುದು.

ಗೌರವ ಪಟ್ಟಿ ಮತ್ತು ಸೌಲಭ್ಯಗಳು

ಗೌರವ ಪಟ್ಟಿಯು ಸ್ಮರಣೆಯ ದಾಖಲೆ. ಸೇವಾ ದಾಖಲೆಗೆ ಪರ್ಯಾಯವಲ್ಲ. ಪಿಂಚಣಿ ಮತ್ತಿತರ ಸೌಲಭ್ಯಗಳನ್ನು ಸೇವಾ ದಾಖಲೆಗಳ ಆಧಾರದ ಮೇಲೆ ಪರಿಶೀಲಿಸಲಾಗುತ್ತದೆ. ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡವುಗಳಲ್ಲಿ ಲಭ್ಯವಿರುವುದನ್ನು ಸಿದ್ಧಪಡಿಸಿಕೊಳ್ಳುವುದು ಸೂಕ್ತ:

1. ಸೇನೆಯ ಡಿಸ್ಚಾರ್ಜ್ ಪುಸ್ತಕ. ಇಲ್ಲದಿದ್ದಲ್ಲಿ ಸೈನಿಕ ಸಂಖ್ಯೆ, ಹುದ್ದೆ ಹಾಗೂ ರೆಜಿಮೆಂಟಿನ ಹೆಸರು.
2. ಪಿಂಚಣಿ ಪಾವತಿ ಆದೇಶದ ಪ್ರತಿ.
3. ಅಗ್ನಿಶಾಮಕ ಸೇವೆಗೆ ಸಂಬಂಧಿಸಿದ ಸೇವಾ ವಹಿಯ ಪ್ರತಿ ಅಥವಾ ನೇಮಕಾತಿ ಆದೇಶ.
4. ಮರಣ ಪ್ರಮಾಣ ಪತ್ರ.
5. ನಾಡಕಛೇರಿಯ ಮೂಲಕ ಪಡೆದ ವಂಶವೃಕ್ಷ ದೃಢೀಕರಣ.
6. ದಾಖಲೆಗಳಲ್ಲಿ ಹೆಸರು ಭಿನ್ನವಾಗಿದ್ದಲ್ಲಿ, ಎರಡೂ ಹೆಸರುಗಳು ಒಬ್ಬರದೇ ಎಂಬ ಬಗ್ಗೆ ಅಫಿಡವಿಟ್.

ಪದಕ, ಭಾವಚಿತ್ರ ಹಾಗೂ ಹಳೆಯ ಪತ್ರಗಳನ್ನೂ ಜೋಪಾನವಾಗಿಡತಕ್ಕದ್ದು. ಪದಕದ ಅಂಚಿನಲ್ಲಿ ಸೈನಿಕ ಸಂಖ್ಯೆ ಕೆತ್ತಿರುವ ಸಾಧ್ಯತೆಯಿದ್ದು, ಅದರಿಂದ ರೆಜಿಮೆಂಟಿನ ದಾಖಲೆ ಕಛೇರಿಯಲ್ಲಿ ಹುಡುಕಾಟ ಸುಲಭವಾಗುತ್ತದೆ. ಮದ್ರಾಸ್ ರೆಜಿಮೆಂಟಿನ ದಾಖಲೆ ಕಛೇರಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿಯೂ, ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ದಾಖಲೆ ಕಛೇರಿ ಬೆಂಗಳೂರಿನಲ್ಲಿಯೂ ಇವೆ. ಮೂಲ ಪ್ರತಿಗಳನ್ನು ಯಾರಿಗೂ ಒಪ್ಪಿಸದೆ, ದೃಢೀಕೃತ ಜೆರಾಕ್ಸ್ ಪ್ರತಿಗಳನ್ನು ಮಾತ್ರ ಸಲ್ಲಿಸಿ ಸ್ವೀಕೃತಿ ಪಡೆಯಲು ಕೋರಲಾಗಿದೆ.

ಸೇನಾ ಸೇವೆಯ ಬಗ್ಗೆ ತಮ್ಮ ಜಿಲ್ಲೆಗೆ ಸಂಬಂಧಿಸಿದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಛೇರಿಯನ್ನೂ, ಅಗ್ನಿಶಾಮಕ ಸೇವೆಯ ಬಗ್ಗೆ ಕರ್ನಾಟಕ ರಾಜ್ಯ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯನ್ನೂ ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.